ಜೆಲ್ ಬೇಕೆ, ವೈಟ್ ಬ್ಯಾಲೆನ್ಸ್ ಸಾಕೆ? ಚಿತ್ರೀಕರಣದ ಬೆಳಕಿಗೆ ಬಣ್ಣ ಹೊಂದಿಸುವ ದಾರಿಗಳ ಹೋಲಿಕೆ

ಒಂದು ಕೋಣೆಯಲ್ಲಿ ನಟಿಯೊಬ್ಬರು ಕುಳಿತಿದ್ದಾರೆ ಎಂದುಕೊಳ್ಳೋಣ. ಅವರ ಎಡಕ್ಕೆ ಕಿಟಕಿ, ಬಲಕ್ಕೆ ಮೇಜಿನ ಮೇಲೊಂದು ಟಂಗ್‌ಸ್ಟನ್ ದೀಪ. ಬರಿಗಣ್ಣಿಗೆ ಅವರ ಮುಖದಲ್ಲಿ ವಿಶೇಷವೇನೂ ಕಾಣುವುದಿಲ್ಲ, ಏಕೆಂದರೆ ಎರಡು ಬೆಳಕುಗಳ ವ್ಯತ್ಯಾಸವನ್ನು ಕಣ್ಣು ತನ್ನಷ್ಟಕ್ಕೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕು ಎಂದು ಹೇಳುವ ಹೊಂದಿಕೆಯನ್ನು, 3200 ಕೆಲ್ವಿನ್‌ಗೆ (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ) ಇಟ್ಟು ನೋಡಿದರೆ ಬಲಗೆನ್ನೆ ಸಹಜ ಬಣ್ಣಕ್ಕೆ ಬರುತ್ತದೆ, ಎಡಗೆನ್ನೆ ಚಳಿಗೆ ಮರಗಟ್ಟಿದಂತೆ ನೀಲಿಗಟ್ಟುತ್ತದೆ. 5600ಕ್ಕೆ ಏರಿಸಿದರೆ ಎಡಗೆನ್ನೆ ಸರಿಹೋಗಿ, ಬಲಗೆನ್ನೆಗೆ ಕಿತ್ತಳೆ ಬಳಿದಂತಾಗುತ್ತದೆ. ಸಂಖ್ಯೆಯನ್ನು ಎಷ್ಟು ಸಲ ಮೇಲೆ ಕೆಳಗೆ ಮಾಡಿದರೂ ಎರಡು ಕೆನ್ನೆಗಳ ನಡುವಿನ ಅಂತರ ಅಳಿಯುವುದಿಲ್ಲ. ಅದು ಇದ್ದಲ್ಲೇ ಇದ್ದು, ನೀಲಿಯ ಕಡೆಗೋ ಕಿತ್ತಳೆಯ ಕಡೆಗೋ ಒಟ್ಟಾಗಿ ವಾಲುತ್ತದೆ, ಅಷ್ಟೆ.

ಜೆಲ್ (ದೀಪದ ಮುಂದೆ ಕಟ್ಟುವ ಬಣ್ಣದ ಪಾರದರ್ಶಕ ಹಾಳೆ) ಮತ್ತು ವೈಟ್ ಬ್ಯಾಲೆನ್ಸ್ ಒಂದರ ಬದಲಿಗೆ ಇನ್ನೊಂದು ಎಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪು ಆಯ್ಕೆಗಳು ಹುಟ್ಟುತ್ತವೆ. ವೈಟ್ ಬ್ಯಾಲೆನ್ಸ್ ಎನ್ನುವುದು ಇಡೀ ಚೌಕಟ್ಟಿಗೆ ಒಟ್ಟಾಗಿ ಅನ್ವಯಿಸುವ ತೀರ್ಮಾನ, ಜೆಲ್ ಎನ್ನುವುದು ಒಂದೊಂದು ದೀಪಕ್ಕೆ ಪ್ರತ್ಯೇಕವಾಗಿ ಅನ್ವಯಿಸುವ ತೀರ್ಮಾನ. ಚೌಕಟ್ಟಿನೊಳಗೆ ಬೀಳುವ ಬೆಳಕೆಲ್ಲ ಒಂದೇ ಬಣ್ಣದ್ದಾಗಿದ್ದರೆ ಮೊದಲನೆಯದು ಸಾಕು. ಎರಡು ಬಗೆಯ ಬೆಳಕು ಒಂದೇ ಮುಖದ ಮೇಲೆ ಬೀಳುತ್ತಿದ್ದರೆ, ಅವುಗಳ ನಡುವಿನ ಅಂತರ ಎಷ್ಟಿರಬೇಕು ಎಂಬುದನ್ನು ಜೆಲ್‌ನಿಂದಲೋ ದೀಪದ ಬದಲಾವಣೆಯಿಂದಲೋ ನಿರ್ಧರಿಸಬೇಕೇ ಹೊರತು ಕ್ಯಾಮೆರಾದಿಂದ ಅದು ಸಾಧ್ಯವಿಲ್ಲ. ಮುಂದಿನ ಎಲ್ಲ ಹೋಲಿಕೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಕೆಲ್ವಿನ್ ಸಾಲದು, ಮೈರೆಡ್ ಬೇಕು

ಆಯ್ಕೆಗೆ ಮೊದಲು ಅಳತೆಯ ವಿಷಯ. ಸ್ಟುಡಿಯೊ ಟಂಗ್‌ಸ್ಟನ್ ದೀಪ 3200 ಕೆಲ್ವಿನ್, ಹಗಲು ಬೆಳಕು ಎಂದು ಚಿತ್ರೀಕರಣದಲ್ಲಿ ಒಪ್ಪಿಕೊಂಡಿರುವುದು 5600 ಕೆಲ್ವಿನ್, ಮನೆಯ ಹಳದಿ ಬಲ್ಬು ಸುಮಾರು 2700, ಮೋಡ ಕವಿದ ದಿನ ಸುಮಾರು 6500, ನೀಲಿ ಆಕಾಶದ ಬೆಳಕು ಮಾತ್ರ ಬೀಳುವ ನೆರಳು ಅದಕ್ಕಿಂತಲೂ ಹೆಚ್ಚು. ಕೆಲ್ವಿನ್ ಸಂಖ್ಯೆ ಏರಿದಂತೆ ಬೆಳಕು ನೀಲಿಯಾಗುತ್ತದೆ. ಆದರೆ ಕ್ಯಾಮೆರಾದಲ್ಲಿ ಅದೇ ಸಂಖ್ಯೆಯನ್ನು ಏರಿಸಿದರೆ ಚಿತ್ರ ಕಿತ್ತಳೆಯ ಕಡೆಗೆ ಹೋಗುತ್ತದೆ, ಏಕೆಂದರೆ ಕ್ಯಾಮೆರಾಗೆ ನಾವು ಹೇಳುವುದು ಬೆಳಕು ಎಷ್ಟು ನೀಲಿಯಾಗಿದೆ ಎಂಬುದನ್ನು. ಅದು ಆ ನೀಲಿಯನ್ನು ಕಳೆಯುತ್ತದೆ. ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುವುದು ಸಹಜವಾದ್ದರಿಂದ ಇದನ್ನು ಬಿಡಿಸಿ ಹೇಳಿದ್ದೇನೆ.

ಕೆಲ್ವಿನ್‌ನ ತೊಂದರೆಯೆಂದರೆ ಅದರ ಮೆಟ್ಟಿಲುಗಳು ಸಮಾನವಾಗಿಲ್ಲ. 3200ರಿಂದ 3300ಕ್ಕೆ ಹೋದಾಗ ಆಗುವ ಬಣ್ಣದ ಬದಲಾವಣೆ, 5600ರಿಂದ 5700ಕ್ಕೆ ಹೋದಾಗ ಆಗುವುದರ ಸರಿಸುಮಾರು ಮೂರರಷ್ಟು. ಆದ್ದರಿಂದ ಜೆಲ್ ತಯಾರಕರು ಮೈರೆಡ್ ಎಂಬ ಅಳತೆಯನ್ನು ಬಳಸುತ್ತಾರೆ: ಹತ್ತು ಲಕ್ಷವನ್ನು ಕೆಲ್ವಿನ್ ಸಂಖ್ಯೆಯಿಂದ ಭಾಗಿಸಿದರೆ ಮೈರೆಡ್ ಸಿಗುತ್ತದೆ. 3200 ಕೆಲ್ವಿನ್ ಎಂದರೆ ಸುಮಾರು 312 ಮೈರೆಡ್, 5600 ಎಂದರೆ ಸುಮಾರು 179. ಇವೆರಡರ ನಡುವಿನ ಅಂತರ 134ರ ಹತ್ತಿರ. ಎಲ್‌ಇಡಿಗಳನ್ನು ಬಿಟ್ಟರೆ, ಜೆಲ್ ಯಾವ ದೀಪದ ಮುಂದೆ ನಿಂತರೂ ಅದು ಸರಿಸುವ ಮೈರೆಡ್ ಬಹುಮಟ್ಟಿಗೆ ಒಂದೇ ಆಗಿರುತ್ತದೆ, ಸರಿಸುವ ಕೆಲ್ವಿನ್ ಮಾತ್ರ ಬೇರೆ ಬೇರೆ.

ಉದಾಹರಣೆಗೆ ಪೂರ್ಣ ಬಲದ ನೀಲಿ ತಿದ್ದುಪಡಿ ಜೆಲ್ ಆದ ಫುಲ್ ಸಿಟಿಬಿಯನ್ನು ತೆಗೆದುಕೊಳ್ಳಿ. ಲೀ ಕಂಪನಿಯ 201ನೇ ಸಂಖ್ಯೆಯ ಈ ಹಾಳೆ ಬೆಳಕನ್ನು 137 ಮೈರೆಡ್‌ನಷ್ಟು ನೀಲಿಯ ಕಡೆಗೆ ಸರಿಸುತ್ತದೆ. 3200 ಕೆಲ್ವಿನ್ ದೀಪಕ್ಕೆ ಕಟ್ಟಿದರೆ ಬೆಳಕು ಸುಮಾರು 5700ಕ್ಕೆ ಏರಿ ಹಗಲಿಗೆ ಹೊಂದುತ್ತದೆ. ಅದೇ ಹಾಳೆಯನ್ನು 2700 ಕೆಲ್ವಿನ್‌ನ ಮನೆಯ ಬಲ್ಬಿನ ಮುಂದೆ ಹಿಡಿದರೆ ಬೆಳಕು 4300ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಫುಲ್ ಹಾಕಿದ್ದೇವಲ್ಲ, ಆದರೂ ಏಕೆ ಹಳದಿ ಕಾಣುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಮೈರೆಡ್‌ಗಳನ್ನು ಕೂಡಿ ಕಳೆಯಬಹುದಾದ್ದರಿಂದ, ಫುಲ್‌ನ ಮೇಲೊಂದು ಕ್ವಾರ್ಟರ್ (35 ಮೈರೆಡ್ ಸರಿಸುವ ತಿಳಿಯಾದ ಹಾಳೆ) ಸೇರಿಸಿದರೆ ಆ ಬಲ್ಬು 5050ರ ಸಮೀಪಕ್ಕೆ ಬರುತ್ತದೆ ಎಂದು ಕಾಗದದ ಮೇಲೆಯೇ ಲೆಕ್ಕ ಹಾಕಿ ತಿಳಿಯಬಹುದು.

ಕ್ಯಾಮೆರಾವೊಂದೇ ಸಾಕಾಗುವ ಸಂದರ್ಭ

ಹೊರಾಂಗಣದ ಹಗಲು, ಒಂದೇ ಬಗೆಯ ದೀಪಗಳಿಂದ ಬೆಳಗಿದ ಸ್ಟುಡಿಯೊ, ಪರದೆ ಎಳೆದು ಹೊರಗಿನ ಬೆಳಕನ್ನು ಪೂರ್ತಿ ತಡೆದ ಕೋಣೆ, ಇವುಗಳಲ್ಲಿ ಜೆಲ್‌ಗಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಇಲ್ಲಿ ಆಯ್ಕೆ ಇರುವುದು ವೈಟ್ ಬ್ಯಾಲೆನ್ಸನ್ನು ಹೇಗೆ ಇಡಬೇಕು ಎಂಬುದರಲ್ಲಿ. ಬೂದು ಅಥವಾ ಬಿಳಿ ಕಾರ್ಡ್ ಹಿಡಿದು ಅಳೆಯುವುದು ಒಂದು ದಾರಿ, ಕೆಲ್ವಿನ್ ಸಂಖ್ಯೆಯನ್ನು ಕೈಯಿಂದ ಇಡುವುದು ಇನ್ನೊಂದು. ಕಾರ್ಡ್ ಅಳತೆಯ ಗುಣವೆಂದರೆ ಅದು ನೀಲಿ-ಕಿತ್ತಳೆಯ ಜೊತೆಗೆ ಹಸಿರು-ಮಜೆಂಟಾ ವಾಲಿಕೆಯನ್ನೂ ತಿದ್ದುತ್ತದೆ. ಬರಿಯ ಕೆಲ್ವಿನ್ ಸಂಖ್ಯೆ ಹಸಿರನ್ನು ಮುಟ್ಟುವುದಿಲ್ಲ. ಕಾರ್ಡ್ ಅಳತೆಯ ದೋಷವೂ ಅಲ್ಲೇ ಇದೆ: ಪ್ರತಿ ಶಾಟ್‌ಗೂ ಹೊಸದಾಗಿ ಅಳೆದರೆ ಕಾರ್ಡ್ ಹಿಡಿದ ಕೋನ, ಪಕ್ಕದ ಗೋಡೆಯಿಂದ ಪುಟಿದ ಬಣ್ಣ ಎಲ್ಲವೂ ಅಳತೆಯೊಳಗೆ ಸೇರಿ, ಒಂದೇ ದೃಶ್ಯದ ಶಾಟ್‌ಗಳು ಒಂದಕ್ಕೊಂದು ಕೂಡದೆ ಹೋಗುತ್ತವೆ. ಕಥಾಚಿತ್ರಕ್ಕೆ ನಾನು ಕೆಲ್ವಿನ್ ಸಂಖ್ಯೆಯನ್ನೇ ಇಟ್ಟು ದೃಶ್ಯ ಮುಗಿಯುವವರೆಗೆ ಕದಲಿಸದೆ ಬಿಡುತ್ತೇನೆ. ಒಂದೇ ಸಲ ನಡೆದು ಮುಗಿಯುವ ಸಂದರ್ಶನ, ಸಮಾರಂಭಗಳಿಗೆ ಕಾರ್ಡ್ ಒಳ್ಳೆಯದು.

ಆಟೊ ವೈಟ್ ಬ್ಯಾಲೆನ್ಸನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು. ಕಿಟಕಿಯ ಬಳಿ ಕುಳಿತಿದ್ದ ಹಿರಿಯರೊಬ್ಬರ ಸಂದರ್ಶನವನ್ನು ಒಮ್ಮೆ ಹೀಗೆ ಚಿತ್ರೀಕರಿಸಿದ್ದೆ. ಅವರು ಮಾತಿನ ಭರದಲ್ಲಿ ಮುಂದಕ್ಕೆ ಬಾಗಿದಾಗಲೆಲ್ಲ ಅವರ ಕೆಂಪು ಸ್ವೆಟರ್ ಚೌಕಟ್ಟನ್ನು ತುಂಬುತ್ತಿತ್ತು. ಆ ಕೆಂಪನ್ನು ಬೆಳಕಿನ ದೋಷವೆಂದು ತಿಳಿದ ಕ್ಯಾಮೆರಾ ಮೆಲ್ಲಗೆ ನೀಲಿ-ಹಸಿರಿನ ಕಡೆಗೆ ಸರಿಯುತ್ತಿತ್ತು. ಹಿಂದಕ್ಕೆ ಒರಗಿದಾಗ ಮತ್ತೆ ಮರಳುತ್ತಿತ್ತು. ಸಣ್ಣ ಮಾನಿಟರ್‌ನಲ್ಲಿ ಅದು ಗೊತ್ತಾಗಿರಲಿಲ್ಲ. ಒಂದು ನಿಗದಿತ ದೋಷವಾಗಿದ್ದರೆ ಗ್ರೇಡಿಂಗ್‌ನಲ್ಲಿ (ಚಿತ್ರೀಕರಣದ ನಂತರ ಬಣ್ಣ ತಿದ್ದುವ ಹಂತ) ಒಂದೇ ತಿದ್ದುಪಡಿಯಿಂದ ಸರಿಯಾಗುತ್ತಿತ್ತು. ಕ್ಷಣಕ್ಷಣಕ್ಕೂ ಬದಲಾಗುವ ದೋಷವನ್ನು ಕೀಫ್ರೇಮ್‌ಗಳನ್ನಿಟ್ಟು, ಅಂದರೆ ಒಂದೊಂದು ಕ್ಷಣಕ್ಕೂ ಬೇರೆ ತಿದ್ದುಪಡಿಯನ್ನು ಗುರುತು ಹಾಕಿ, ಹಿಂಬಾಲಿಸಬೇಕಾಯಿತು.

ಕ್ಯಾಮೆರಾದ ತಿದ್ದುಪಡಿಗೂ ಒಂದು ಬೆಲೆಯಿದೆ. ಟಂಗ್‌ಸ್ಟನ್ ಬೆಳಕಿನಲ್ಲಿ ನೀಲಿಯ ಅಂಶ ಬಹಳ ಕಡಿಮೆ; ಅದನ್ನು ಬಿಳಿಯಾಗಿಸಲು ಕ್ಯಾಮೆರಾ ನೀಲಿ ಚಾನೆಲನ್ನು ಹೆಚ್ಚು ವರ್ಧಿಸುತ್ತದೆ, ಅದರ ಜೊತೆಗೆ ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕೆಚುಕ್ಕೆಯ ಕಲಬೆರಕೆ) ಕೂಡ ಏರುತ್ತದೆ. ಮಂದ ಬೆಳಕಿನ ರಾತ್ರಿ ದೃಶ್ಯಗಳ ನೆರಳಿನಲ್ಲಿ ಮರಳು ಚೆಲ್ಲಿದಂತೆ ಕಾಣುವುದು ಹೆಚ್ಚಾಗಿ ಈ ನೀಲಿ ಚಾನೆಲ್‌ನಿಂದಲೇ. ಇದನ್ನು ತಪ್ಪಿಸಲು ಮಸೂರದ ಮುಂದೆ 80ಎ ನೀಲಿ ಫಿಲ್ಟರ್ ಹಾಕಬಹುದು ಎಂದು ಕೆಲವರು ಸೂಚಿಸುವುದುಂಟು; ಅದು ಎರಡು ಸ್ಟಾಪ್ ಬೆಳಕನ್ನು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ನುಂಗುತ್ತದೆ, ಮತ್ತು ಅಷ್ಟು ಬೆಳಕು ಕೈಯಲ್ಲಿದ್ದವರಿಗೆ ನಾಯ್ಸ್‌ನ ತೊಂದರೆಯೇ ಇರುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ 85ರ ಫಿಲ್ಟರ್ ಫಿಲಂ ರೀಲಿನ ಕೆಲಸದಲ್ಲಿ ಇಂದಿಗೂ ನಿತ್ಯದ ಸಂಗಾತಿ, ಏಕೆಂದರೆ ರೀಲಿಗೆ ವೈಟ್ ಬ್ಯಾಲೆನ್ಸ್ ಗುಂಡಿಯಿಲ್ಲ: ಟಂಗ್‌ಸ್ಟನ್ ಬೆಳಕಿಗೆಂದು ತಯಾರಾದ ಕೊಡ್ಯಾಕ್‌ನ 500ಟಿ ರೀಲನ್ನು ಹಗಲಿನಲ್ಲಿ ಈ ಫಿಲ್ಟರ್‌ನೊಂದಿಗೆ ಬಳಸುವಾಗ ಅದರ ಬೆಳಕಿನ ಸಂವೇದನೆಯನ್ನು 500ರ ಬದಲು 320 ಎಂದು ಲೆಕ್ಕ ಹಿಡಿಯುತ್ತಾರೆ.

ರಾ ರೂಪದಲ್ಲಿ, ಅಂದರೆ ಸೆನ್ಸರ್‌ನ ಮೂಲ ಮಾಹಿತಿಯನ್ನೇ ಉಳಿಸಿಕೊಂಡು, ಚಿತ್ರೀಕರಿಸುವವರಿಗೆ ವೈಟ್ ಬ್ಯಾಲೆನ್ಸ್ ಬರಿಯ ಟಿಪ್ಪಣಿಯಾಗಿ ಉಳಿಯುತ್ತದೆ, ನಂತರ ಹಾನಿಯಿಲ್ಲದೆ ಬದಲಿಸಬಹುದು. 8 ಬಿಟ್‌ನ ಒತ್ತಿ ಕಿರಿದಾಗಿಸಿದ ಕಡತಗಳಲ್ಲಿ ಅದು ಚಿತ್ರದೊಳಗೇ ಬೆರೆತುಹೋಗಿರುತ್ತದೆ. ದೊಡ್ಡ ತಪ್ಪನ್ನು ನಂತರ ಎಳೆದು ಸರಿಪಡಿಸಲು ಹೋದರೆ ಚರ್ಮದ ಮೇಲೆ, ಖಾಲಿ ಗೋಡೆಯ ಮೇಲೆ ಪಟ್ಟೆಗಳು ಮೂಡುತ್ತವೆ.

ದೀಪಕ್ಕೆ ನೀಲಿಯೊ, ಕಿಟಕಿಗೆ ಕಿತ್ತಳೆಯೊ

ಈಗ ಮೊದಲಿನ ಕೋಣೆಗೆ ಹಿಂತಿರುಗೋಣ. ಎರಡು ಕೆನ್ನೆಗಳ ಅಂತರವನ್ನು ಅಳಿಸಲು ಎರಡು ದಾರಿಗಳಿವೆ: ದೀಪವನ್ನು ನೀಲಿ ಮಾಡಿ ಹಗಲಿಗೆ ಸೇರಿಸುವುದು, ಇಲ್ಲವೇ ಕಿಟಕಿಗೆ ಕಿತ್ತಳೆ ಹಾಳೆ ಹಚ್ಚಿ ಹಗಲನ್ನು ದೀಪಕ್ಕೆ ಸೇರಿಸುವುದು.

ಬೆಳಕಿನ ನಷ್ಟವನ್ನು ಮೊದಲು ನೋಡಬೇಕು. ಫುಲ್ ಸಿಟಿಬಿ ಬೆಳಕಿನಲ್ಲಿ ಶೇಕಡಾ 34ರಷ್ಟನ್ನು ಮಾತ್ರ ಆಚೆಗೆ ಬಿಡುತ್ತದೆ, ಅಂದರೆ ಒಂದೂವರೆ ಸ್ಟಾಪ್ ಹೋಯಿತು. ಹಾಫ್ ಶೇಕಡಾ 55, ಕ್ವಾರ್ಟರ್ ಶೇಕಡಾ 69. ಕಿತ್ತಳೆಯ ಫುಲ್ ಸಿಟಿಒ ಸುಮಾರು 159 ಮೈರೆಡ್ ಸರಿಸಿಯೂ ಶೇಕಡಾ 55ರಷ್ಟನ್ನು ಬಿಡುತ್ತದೆ. ಹಾಫ್ 109 ಮೈರೆಡ್‌ಗೆ ಶೇಕಡಾ 71, ಕ್ವಾರ್ಟರ್ 64 ಮೈರೆಡ್‌ಗೆ ಶೇಕಡಾ 79. ಕಾರಣ ಸರಳವಾಗಿದೆ: ಟಂಗ್‌ಸ್ಟನ್‌ನಲ್ಲಿ ಹೇರಳವಾಗಿರುವುದು ಕೆಂಪು, ಅದನ್ನೇ ತಡೆದು ಇರುವ ಅಲ್ಪ ನೀಲಿಯನ್ನು ಉಳಿಸಿಕೊಳ್ಳುವುದು ದುಬಾರಿಯ ಕೆಲಸ. ಹಗಲಿನ ಎದುರು ಮೊದಲೇ ಸೋಲುವ ಮೇಜಿನ ದೀಪಕ್ಕೆ ಫುಲ್ ನೀಲಿ ಕಟ್ಟಿದರೆ ಅದು ಚೌಕಟ್ಟಿನಲ್ಲಿ ಇದ್ದೂ ಇಲ್ಲದಂತಾಗುತ್ತದೆ.

ಹಾಗಾದರೆ ಕಿಟಕಿಗೆ ಕಿತ್ತಳೆಯೇ ಸರಿ ಎನ್ನಬಹುದೆ? ಲೆಕ್ಕದಲ್ಲಿ ಹೌದು, ಕೆಲಸದಲ್ಲಿ ಯಾವಾಗಲೂ ಅಲ್ಲ. ಕಿಟಕಿ ಚಿಕ್ಕದಿದ್ದು ಹೊರಗಿನ ಬೆಳಕು ಅತಿಯಾಗಿದ್ದರೆ ಸಿಟಿಒ ಮತ್ತು ಎನ್‌ಡಿ (ಬಣ್ಣ ಬದಲಿಸದೆ ಬೆಳಕನ್ನಷ್ಟೇ ಇಳಿಸುವ ಬೂದು ಹಾಳೆ) ಎರಡೂ ಕೂಡಿರುವ ಹಾಳೆಗಳು ಸಿಗುತ್ತವೆ; .3 ಎಂದಿರುವುದು ಇನ್ನೊಂದು ಸ್ಟಾಪನ್ನು, .6 ಎಂದಿರುವುದು ಎರಡು ಸ್ಟಾಪನ್ನು ಇಳಿಸುತ್ತದೆ. ಬಣ್ಣವೂ ಹೊಂದುತ್ತದೆ, ಕಿಟಕಿಯಾಚೆಯ ಮರಗಿಡಗಳೂ ಬೆಳ್ಳಗೆ ಸುಟ್ಟುಹೋಗದೆ ಉಳಿಯುತ್ತವೆ. ಆದರೆ ಕಿಟಕಿ ಚೌಕಟ್ಟಿನೊಳಗೆ ಕಾಣುತ್ತಿದ್ದರೆ ಹಾಳೆಯ ಪ್ರತಿಯೊಂದು ಸುಕ್ಕು, ಪ್ರತಿಯೊಂದು ಗಾಳಿಗುಳ್ಳೆ ಹೊಳೆಯುತ್ತದೆ. ಗಾಳಿ ಬೀಸಿದರೆ ಹಾಳೆ ಪಟಪಟ ಎನ್ನುತ್ತದೆ, ಧ್ವನಿ ವಿಭಾಗದವರು ಚಿತ್ರೀಕರಣವನ್ನು ನಿಲ್ಲಿಸಬೇಕಾಗುತ್ತದೆ. ಗಾಜಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಹಾಳೆಯನ್ನು ಮೇಲಿನಿಂದ ಇಳಿಬಿಟ್ಟು, ಗಟ್ಟಿ ಅಂಚಿನ ಪಟ್ಟಿಯಿಂದ ನಡುವಿನಿಂದ ಅಂಚುಗಳಿಗೆ ಒತ್ತುತ್ತಾ ಬಂದು, ಉಳಿದ ಅಂಚನ್ನು ಕಿಟಕಿಯ ಮರಕ್ಕೆ ಸರಿಯಾಗಿ ಕತ್ತರಿಸಿದರೆ ಮಾತ್ರ ಅದು ಕಾಣದಂತೆ ಕೂರುತ್ತದೆ. ಇದು ಹತ್ತು ನಿಮಿಷದ ಕೆಲಸವಲ್ಲ. ದೊಡ್ಡ ಕಿಟಕಿಗಳು ನಾಲ್ಕೈದು ಇರುವ ಕೋಣೆಯಲ್ಲಿ ಈ ದಾರಿಯನ್ನು ಹಿಡಿಯುವ ಮೊದಲು ಅಷ್ಟು ಸಮಯ, ಅಷ್ಟು ಕೈಗಳು ಇವೆಯೇ ಎಂದು ಕೇಳಿಕೊಳ್ಳಬೇಕು.

ನಾನು ಹೆಚ್ಚಾಗಿ ಆರಿಸುವುದು ಮೂರನೆಯ ದಾರಿಯನ್ನು: ಅಂತರವನ್ನು ಪೂರ್ತಿ ಅಳಿಸದೆ ಕಿರಿದಾಗಿಸುವುದು. ಕಿಟಕಿಯ ಬೆಳಕು ಸ್ವಲ್ಪ ತಂಪಾಗಿ, ದೀಪದ ಬೆಳಕು ಸ್ವಲ್ಪ ಬೆಚ್ಚಗೆ ಕಾಣುವುದೇ ಸಹಜ. ಎರಡನ್ನೂ ಒಂದೇ ಬಿಳಿಗೆ ತಂದರೆ ಕೋಣೆಗೆ ಹೊತ್ತು ಎಂಬುದೇ ಇಲ್ಲದಂತಾಗುತ್ತದೆ. ಕ್ಯಾಮೆರಾವನ್ನು 4300ಕ್ಕೆ, ಅಂದರೆ ಸುಮಾರು 233 ಮೈರೆಡ್‌ಗೆ ಇಟ್ಟು, 3200ರ ದೀಪಕ್ಕೆ ಕ್ವಾರ್ಟರ್ ಸಿಟಿಬಿ ಕಟ್ಟಿ ನೋಡಿ. ಕ್ವಾರ್ಟರ್ 35 ಮೈರೆಡ್ ಸರಿಸುವುದರಿಂದ ದೀಪ ಸುಮಾರು 277ಕ್ಕೆ ಬರುತ್ತದೆ, ಕ್ಯಾಮೆರಾದ ನೆಲೆಗಿಂತ 45ರಷ್ಟು ಬೆಚ್ಚಗೆ. ಕಿಟಕಿ 179ರಲ್ಲಿ ಉಳಿದು 54ರಷ್ಟು ತಂಪಾಗಿ ಕಾಣುತ್ತದೆ. ನಷ್ಟವಾದದ್ದು ಅರ್ಧ ಸ್ಟಾಪ್ ಮಾತ್ರ. ಈಗ ನಟಿಯ ಮುಖದಲ್ಲಿ ಬೆಳಗಿನ ತಂಪೂ ಇದೆ, ಮೇಜಿನ ದೀಪದ ಕಾವೂ ಇದೆ. ಎರಡೂ ಕೆನ್ನೆಗಳು ಒಬ್ಬರದೇ ಮುಖವಾಗಿ ಉಳಿದಿವೆ.

ಜೆಲ್ ಹಾಕದೆ ಕ್ಯಾಮೆರಾವನ್ನು ಮಾತ್ರ ನಡುವಿಗೆ ಇಡುವವರಿಗೆ ಒಂದು ಸೂಚನೆ. 3200 ಮತ್ತು 5600ರ ನಡು 4400 ಎಂದು ತೋರಿದರೂ ಮೈರೆಡ್ ಲೆಕ್ಕದಲ್ಲಿ ನಿಜವಾದ ನಡು 4070ರ ಹತ್ತಿರ ಬೀಳುತ್ತದೆ. 4400ರಲ್ಲಿ ದೀಪದ ಕಿತ್ತಳೆ ಕಿಟಕಿಯ ನೀಲಿಗಿಂತ ಹೆಚ್ಚು ಎದ್ದು ಕಾಣುತ್ತದೆ; ಅದು ಬೇಕೆಂದೇ ಇದ್ದರೆ ಸರಿ, ತಿಳಿಯದೆ ಆಗಬಾರದು.

ಹಸಿರು ಎಂಬ ಬೇರೆಯ ಸಮಸ್ಯೆ

ಕಚೇರಿ, ಆಸ್ಪತ್ರೆ, ನೆಲಮಾಳಿಗೆಯ ವಾಹನ ನಿಲ್ದಾಣಗಳಲ್ಲಿ ಚಿತ್ರೀಕರಿಸುವವರ ನಿಜವಾದ ತಲೆನೋವು ನೀಲಿಯೂ ಅಲ್ಲ ಕಿತ್ತಳೆಯೂ ಅಲ್ಲ, ಹಸಿರು. ಹಳೆಯ ಟ್ಯೂಬ್‌ಲೈಟುಗಳಲ್ಲಿ ಪಾದರಸದ ಆವಿ 546 ನ್ಯಾನೋಮೀಟರ್‌ನಲ್ಲಿ ಬಲವಾದ ಹಸಿರು ಗೆರೆಯೊಂದನ್ನು ಸೂಸುತ್ತದೆ. ಅಗ್ಗದ ಎಲ್‌ಇಡಿಗಳಲ್ಲೂ ಹಸಿರು ವಾಲಿಕೆ ಸಾಮಾನ್ಯ. ಕೆಲ್ವಿನ್ ಎಷ್ಟೇ ತಿರುಗಿಸಿದರೂ ಈ ದೋಷ ಹೋಗುವುದಿಲ್ಲ. ಅದಕ್ಕೆ ಕ್ಯಾಮೆರಾದಲ್ಲಿ ಟಿಂಟ್ ಎಂಬ ಬೇರೆಯ ಹೊಂದಿಕೆಯಿದೆ, ಜೆಲ್‌ಗಳಲ್ಲಿ ಮೈನಸ್ ಗ್ರೀನ್ ಎಂಬ ಮಜೆಂಟಾ ಹಾಳೆ ಮತ್ತು ಪ್ಲಸ್ ಗ್ರೀನ್ ಎಂಬ ತಿಳಿ ಹಸಿರು ಹಾಳೆಗಳಿವೆ.

ಇಲ್ಲಿ ಆಯ್ಕೆ ಎಣಿಕೆಯನ್ನು ಅವಲಂಬಿಸಿದೆ. ಚಾವಣಿಯಲ್ಲಿ ಮೂರೋ ನಾಲ್ಕೋ ಟ್ಯೂಬುಗಳಿದ್ದರೆ ಪ್ರತಿಯೊಂದಕ್ಕೂ ಮೈನಸ್ ಗ್ರೀನ್ ಸುತ್ತುವುದು ಅತ್ಯಂತ ಶುದ್ಧವಾದ ಪರಿಹಾರ, ಆಮೇಲೆ ನಮ್ಮ ದೀಪಗಳನ್ನು ಹಾಗೆಯೇ ಬಳಸಬಹುದು. ನೂರು ಟ್ಯೂಬುಗಳ ಸಭಾಂಗಣದಲ್ಲಿ ಅದು ಆಗದ ಮಾತು. ಆಗ ಉಲ್ಟಾ ಯೋಚಿಸಬೇಕು: ನಮ್ಮ ಎರಡು ಮೂರು ದೀಪಗಳಿಗೇ ಪ್ಲಸ್ ಗ್ರೀನ್ ಕಟ್ಟಿ ಅವುಗಳನ್ನೂ ಟ್ಯೂಬಿನಷ್ಟೇ ಹಸಿರು ಮಾಡಿ, ಎಲ್ಲ ಬೆಳಕೂ ಒಂದೇ ಬಣ್ಣಕ್ಕೆ ಬಂದ ಮೇಲೆ ಆ ಹಸಿರನ್ನು ಕ್ಯಾಮೆರಾದ ಟಿಂಟ್‌ನಿಂದ ಒಟ್ಟಿಗೆ ತೆಗೆಯುವುದು. ಚಂದದ ಬೆಳಕಿಗೆ ಬೇಕೆಂದೇ ಹಸಿರು ಬಳಿಯುವುದು ಮೊದಲ ಸಲ ಮನಸ್ಸಿಗೆ ಒಗ್ಗುವುದಿಲ್ಲ, ಆದರೆ ಚೌಕಟ್ಟಿಗೆ ಅನ್ವಯವಾಗುವ ತೀರ್ಮಾನ ಮತ್ತು ದೀಪಕ್ಕೆ ಅನ್ವಯವಾಗುವ ತೀರ್ಮಾನ ಎರಡೂ ಕೈಕೈ ಹಿಡಿದು ಕೆಲಸ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಒಂದೇ ಎಚ್ಚರಿಕೆಯೆಂದರೆ, ಆ ಕೋಣೆಗೆ ಕಿಟಕಿಯಿಂದ ಹಗಲು ಬರುತ್ತಿದ್ದರೆ ಟಿಂಟ್ ತಿರುಗಿಸಿದೊಡನೆ ಆ ಹಗಲು ಮಜೆಂಟಾ ಆಗುತ್ತದೆ. ಕಿಟಕಿಗೂ ಪ್ಲಸ್ ಗ್ರೀನ್ ಹಚ್ಚಬೇಕು, ಇಲ್ಲವೇ ಪರದೆ ಎಳೆಯಬೇಕು.

ಜೆಲ್‌ನ ಬದಲು ಬಣ್ಣ ಬದಲಿಸುವ ಎಲ್‌ಇಡಿ

ಗುಂಡಿ ತಿರುಗಿಸಿದರೆ 3200ರಿಂದ 5600ಕ್ಕೆ ಹೋಗುವ ದೀಪವಿರುವಾಗ ಹಾಳೆ ಕತ್ತರಿಸುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ತಿದ್ದುಪಡಿಯ ಮಟ್ಟಿಗೆ ಬೈ-ಕಲರ್ ಎಲ್‌ಇಡಿ ಈ ಕೆಲಸವನ್ನು ಬಹುಮಟ್ಟಿಗೆ ಗೆದ್ದಿದೆ: ಬೆಳಕಿನ ನಷ್ಟ ಕಡಿಮೆ, ಸಮಯದ ಉಳಿತಾಯ ದೊಡ್ಡದು, ಕಿಟಕಿಯ ಬೆಳಕು ಸಂಜೆಗೆ ವಾಲಿದಂತೆ ದೀಪವನ್ನೂ ಜೊತೆಜೊತೆಗೆ ವಾಲಿಸಬಹುದು. ಆದರೂ ಗಮನಿಸಬೇಕಾದ ಎರಡು ಸಂಗತಿಗಳಿವೆ. ಬೆಚ್ಚನೆಯ ಮತ್ತು ತಂಪಾದ ಎರಡು ಬಗೆಯ ಚಿಪ್‌ಗಳನ್ನು ಬೆರೆಸಿ ನಡುವಿನ ಬಣ್ಣ ಪಡೆಯುವುದರಿಂದ, ಬೇರೆ ತಿದ್ದುಪಡಿ ಇಲ್ಲದ ದೀಪಗಳಲ್ಲಿ 4300ರ ಆಸುಪಾಸಿನ ಬೆಳಕು ತುಸು ಮಜೆಂಟಾಕ್ಕೆ ವಾಲುತ್ತದೆ. ಮತ್ತು ಅನೇಕ ದೀಪಗಳಲ್ಲಿ ಎರಡು ತುದಿಗಳಲ್ಲಿ ಅರ್ಧದಷ್ಟು ಚಿಪ್‌ಗಳು ಮಾತ್ರ ಉರಿಯುವುದರಿಂದ ಅಲ್ಲಿ ಪ್ರಕಾಶ ಇಳಿಯುತ್ತದೆ. ಎರಡು ಬೇರೆ ಬೇರೆ ಕಂಪನಿಗಳ ದೀಪಗಳನ್ನು ಒಂದೇ ಬಿಳಿ ಗೋಡೆಗೆ ಅಕ್ಕಪಕ್ಕ ಬಿಟ್ಟು, ಎರಡಕ್ಕೂ 5600 ಇಟ್ಟು ಕ್ಯಾಮೆರಾದಲ್ಲಿ ನೋಡಿದರೆ, ಒಂದೇ ಸಂಖ್ಯೆ ಒಂದೇ ಬಣ್ಣವಲ್ಲ ಎಂಬುದು ಒಂದು ನಿಮಿಷದಲ್ಲಿ ಮನದಟ್ಟಾಗುತ್ತದೆ. ಆ ವ್ಯತ್ಯಾಸವನ್ನು ತಿದ್ದಲು ಕೈಗೆ ಬರುವುದು ಕೊನೆಗೂ ಒಂದು ಕಾಲುಭಾಗದ ಮೈನಸ್ ಗ್ರೀನ್ ಹಾಳೆಯೇ.

ಎಲ್‌ಇಡಿಯ ಮುಂದೆ ಜೆಲ್ ಹಾಕಬಹುದೆ? ಹಾಕಬಹುದು, ಆದರೆ ಪೊಟ್ಟಣದ ಮೇಲಿನ ಸಂಖ್ಯೆಯನ್ನು ನಂಬಬಾರದು. ತಿದ್ದುಪಡಿ ಜೆಲ್‌ಗಳನ್ನು ರೂಪಿಸಿದ್ದು ಟಂಗ್‌ಸ್ಟನ್‌ನಂತಹ ಅಖಂಡ ವರ್ಣಪಟಲಕ್ಕಾಗಿ. ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೋಮೀಟರ್ ಬಳಿ ನೀಲಿಯ ಶಿಖರವೂ ಅದರ ಪಕ್ಕದಲ್ಲೇ ಒಂದು ಕಣಿವೆಯೂ ಇರುವುದರಿಂದ ಜೆಲ್ ಅಲ್ಲಿ ಬೇರೆಯದೇ ಫಲ ಕೊಡುತ್ತದೆ.

ಆರ್‌ಜಿಬಿ ದೀಪಗಳ ನೆನಪಿನಲ್ಲಿ ಜೆಲ್ ಸಂಖ್ಯೆಗಳೇ ಅಡಕವಾಗಿರುವುದುಂಟು. ಬಿಳಿ ಗೋಡೆಯ ಮೇಲೆ ಅವು ನಿಜವಾದ ಜೆಲ್‌ನಂತೆಯೇ ಕಾಣುತ್ತವೆ. ಚರ್ಮದ ಮೇಲೆ, ಬಟ್ಟೆಯ ಮೇಲೆ ಬಿದ್ದಾಗ ಬೇರೆಯಾಗುತ್ತವೆ, ಏಕೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರಿದಾದ ಪಟ್ಟಿಗಳಿಂದ ಕಟ್ಟಿದ ಬಣ್ಣದಲ್ಲಿ ನಡುವಿನ ತರಂಗಗಳು ಇರುವುದೇ ಇಲ್ಲ. ನನ್ನ ತೀರ್ಮಾನ ಹೀಗಿದೆ: ಗಾಢವಾದ ಕೆಂಪು, ಕಡುನೀಲಿ, ನೇರಳೆ ಬೇಕಾದಾಗ ಎಲ್‌ಇಡಿಯೇ ಮೇಲು, ಏಕೆಂದರೆ ಜೆಲ್ ಉಳಿದೆಲ್ಲ ಬೆಳಕನ್ನು ನುಂಗಿ ಆ ಒಂದು ಬಣ್ಣವನ್ನು ಉಳಿಸುತ್ತದೆ, ಎಲ್‌ಇಡಿಯಾದರೋ ಆ ಬಣ್ಣವನ್ನಷ್ಟೇ ಹುಟ್ಟಿಸುತ್ತದೆ. ಮುಖದ ಮೇಲೆ ಬೀಳುವ ತಿಳಿಯಾದ ಬೆಚ್ಚನೆಗೆ, ಸಂಜೆಯ ಬಿಸಿಲಿಗೆ, ಒಲೆಯ ಬೆಳಕಿಗೆ ಟಂಗ್‌ಸ್ಟನ್ ಮತ್ತು ಜೆಲ್‌ನ ಜೋಡಿಯನ್ನು ನಾನು ಇಂದಿಗೂ ಬಿಟ್ಟುಕೊಡಲಾರೆ. ಸಂಜೆ ಬಿಸಿಲಿಗೆ ಸಿಟಿಒ ಬದಲು ಸ್ಟ್ರಾ ಎಂಬ ಹಾಳೆಯನ್ನು ಪ್ರಯತ್ನಿಸಿ ನೋಡಬೇಕು. ಅದರಲ್ಲಿ ಕೆಂಪಿಗಿಂತ ಹಳದಿ ಹೆಚ್ಚಿರುವುದರಿಂದ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದಿಲ್ಲ.

ರಾತ್ರಿಯ ನೀಲಿಗೆ ನಾಲ್ಕು ದಾರಿ

ಬೆಳದಿಂಗಳನ್ನು ನೀಲಿಯಾಗಿ ತೋರಿಸುವ ರೂಢಿ ಸಿನಿಮಾದಲ್ಲಿ ಗಟ್ಟಿಯಾಗಿ ಬೇರೂರಿದೆ. ಅದನ್ನು ಸಾಧಿಸುವ ದಾರಿಗಳನ್ನು ಮೈರೆಡ್‌ನಲ್ಲಿ ಅಳೆದು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಕ್ಯಾಮೆರಾವನ್ನು 3200ಕ್ಕೆ ಇಟ್ಟು, ಹಗಲು ಬಣ್ಣದ ಎಚ್‌ಎಂಐ ದೀಪವನ್ನು ಜೆಲ್ ಇಲ್ಲದೆ ಬಿಟ್ಟರೆ 134 ಮೈರೆಡ್‌ನಷ್ಟು ನೀಲಿ ಸಿಗುತ್ತದೆ. ಇದು ಕೂದಲಿನ ಅಂಚಿಗೆ, ಮರಗಳ ಹಿಂಬದಿಗೆ ಚೆನ್ನ, ಮುಖಕ್ಕೆ ಬಹಳ ಹೆಚ್ಚು. ಅದೇ ದೀಪಕ್ಕೆ ಕ್ವಾರ್ಟರ್ ಸಿಟಿಒ ಕಟ್ಟಿದರೆ ನೀಲಿ 70ರ ಹತ್ತಿರಕ್ಕೆ ಇಳಿಯುತ್ತದೆ, ಬೆಳಕಿನ ಐದರಲ್ಲಿ ನಾಲ್ಕು ಪಾಲು ಉಳಿಯುತ್ತದೆ. ಟಂಗ್‌ಸ್ಟನ್ ದೀಪಕ್ಕೆ ಹಾಫ್ ಸಿಟಿಬಿ ಕಟ್ಟಿದರೂ 78ರಷ್ಟು ನೀಲಿಯೇ ಸಿಗುತ್ತದೆ, ಆದರೆ ಅರ್ಧದಷ್ಟು ಬೆಳಕು ಹೋಗಿರುತ್ತದೆ. ಎಚ್‌ಎಂಐ ಹಾಗೆಯೇ ಇದ್ದು ಕ್ಯಾಮೆರಾವನ್ನು 4300ಕ್ಕೆ ಏರಿಸಿದರೆ 54ರ ಮೃದುವಾದ ನೀಲಿ ಬರುತ್ತದೆ, ಯಾವ ಬೆಳಕೂ ನಷ್ಟವಾಗುವುದಿಲ್ಲ. ಆದರೆ ಚೌಕಟ್ಟಿನಲ್ಲಿ ಮನೆಯ ಬಲ್ಬು, ಲಾಂದ್ರಗಳಿದ್ದರೆ ಅವು ಇನ್ನಷ್ಟು ಕೆಂಪಾಗುತ್ತವೆ. ಮನೆಯೊಳಗಿನ ಬೆಳಕೂ ಹೊರಗಿನ ಬೆಳದಿಂಗಳೂ ಒಟ್ಟಿಗೆ ಕಾಣುವ ದೃಶ್ಯಕ್ಕೆ ನಾನು ಎರಡನೆಯದನ್ನು, ಬರಿಯ ಬಯಲಿನ ದೃಶ್ಯಕ್ಕೆ ನಾಲ್ಕನೆಯದನ್ನು ಆರಿಸುತ್ತೇನೆ.

ಯಾವುದೇ ಬಣ್ಣದ ಜೆಲ್ ಆರಿಸುವ ಮೊದಲು ಕ್ಯಾಮೆರಾದ ಸಂಖ್ಯೆಯನ್ನು ನಿಶ್ಚಯಿಸಿ ಮುಗಿಸಿರಬೇಕು. ಮಾದರಿ ಪುಸ್ತಕದ ಚೂರನ್ನು ಕಿಟಕಿಯ ಕಡೆಗೆ ಹಿಡಿದು ಮೆಚ್ಚಿದ ಬಣ್ಣ, ಆ ಸಂಖ್ಯೆಯಲ್ಲಿ ಮಾನಿಟರ್‌ನ ಮೇಲೆ ಬೇರೆಯೇ ಆಗಿರುತ್ತದೆ. ಗಾಢ ಬಣ್ಣಗಳಲ್ಲಿ ಇನ್ನೊಂದು ಅಪಾಯವಿದೆ: ಕೆಂಪು ಬೆಳಕಿನಲ್ಲಿ ಒಟ್ಟು ಪ್ರಕಾಶ ಕಡಿಮೆಯೆಂದು ಮೀಟರ್ ಹೇಳುತ್ತಿರುವಾಗಲೇ ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತದೆ, ಮುಖದ ವಿವರಗಳೆಲ್ಲ ಒಂದೇ ಕೆಂಪು ಮುದ್ದೆಯಾಗುತ್ತವೆ. ಮೂರೂ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ತೋರಿಸುವ ಪೆರೇಡ್‌ನಲ್ಲಿ ನೋಡಿಯೇ ಎಕ್ಸ್‌ಪೋಷರ್ ಇಡಬೇಕು.

ಗ್ರೇಡಿಂಗ್‌ಗೆ ಬಿಡುವುದು

ಎಲ್ಲವನ್ನೂ ತಟಸ್ಥವಾಗಿ ಚಿತ್ರೀಕರಿಸಿ, ಬಣ್ಣವನ್ನು ನಂತರ ಸೇರಿಸೋಣ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇಡೀ ಚೌಕಟ್ಟು ತುಸು ತಂಪಾಗಬೇಕು, ತುಸು ಬೆಚ್ಚಗಾಗಬೇಕು ಎಂಬಂತಹ ಬದಲಾವಣೆ ನಂತರ ಮಾಡಿದರೂ ನಡೆಯುತ್ತದೆ, ನಿರ್ದೇಶಕರು ಮನಸ್ಸು ಬದಲಿಸಲು ಅವಕಾಶವೂ ಇರುತ್ತದೆ. ಆದರೆ ಬಲಗಡೆಯ ದೀಪದ ಬೆಳಕಿಗೆ ಮಾತ್ರ ಬಣ್ಣ ಬೇಕು ಎಂದಾಗ, ಆ ಬೆಳಕು ಮೂಗಿನ ಏಣಿನಲ್ಲಿ ಎಡಗಡೆಯ ಬೆಳಕಿನೊಳಗೆ ಕರಗುವ ರೀತಿಯನ್ನು ಯಾವ ಮಾಸ್ಕೂ (ಚಿತ್ರದ ಒಂದು ಭಾಗವನ್ನಷ್ಟೇ ಆರಿಸುವ ಗಡಿ) ಸರಿಯಾಗಿ ಬಿಡಿಸಲಾರದು, ಅದರಲ್ಲೂ ನಟರು ತಲೆ ತಿರುಗಿಸಿದರೆ. ಬೆರೆತ ಬೆಳಕನ್ನು ಸ್ಥಳದಲ್ಲೇ ತೀರ್ಮಾನಿಸಬೇಕು, ಒಟ್ಟು ಛಾಯೆಯನ್ನು ಮುಂದಕ್ಕೆ ಬಿಡಬಹುದು.

ಗ್ರೇಡಿಂಗ್ ಮಾಡುವ ಕಲರಿಸ್ಟ್‌ಗಾಗಿ ಬೂದು ಕಾರ್ಡನ್ನು ಚಿತ್ರೀಕರಿಸುವಾಗ ಬಣ್ಣದ ಜೆಲ್ ಕಟ್ಟುವ ಮೊದಲೇ, ತಟಸ್ಥ ಬೆಳಕಿನಲ್ಲಿ ಅದನ್ನು ಹಿಡಿಯಬೇಕು. ನೀಲಿ ರಾತ್ರಿಯ ಬೆಳಕಿನಲ್ಲೇ ಕಾರ್ಡ್ ಹಿಡಿದರೆ, ಅದನ್ನು ಬೂದಾಗಿಸುವ ಪ್ರಾಮಾಣಿಕ ಪ್ರಯತ್ನದಲ್ಲಿ ನಮ್ಮ ರಾತ್ರಿಯೇ ಅಳಿಸಿಹೋಗುತ್ತದೆ.

ಹಾಳೆಯ ಆರೈಕೆ

ಟಂಗ್‌ಸ್ಟನ್ ದೀಪಕ್ಕೆ ಕಟ್ಟಿದ ನೀಲಿ ಹಾಳೆಯನ್ನು ಒಂದು ಸಂಜೆಯ ಕೆಲಸದ ನಂತರ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ನಡುವೆ ತಟ್ಟೆಯಷ್ಟು ಜಾಗ ತಿಳಿಯಾಗಿ, ಅಂಚಿನಲ್ಲಿ ಮಾತ್ರ ಮೊದಲಿನ ಬಣ್ಣ ಉಳಿದಿರುತ್ತದೆ, ಇನ್ನೂ ಹತ್ತಿರವಿದ್ದರೆ ನಡುವಿನ ಭಾಗ ಸುಕ್ಕುಗಟ್ಟಿ ತೂತಾಗಿರುತ್ತದೆ. ಫುಲ್ ಎಂದು ಬರೆದ ಆ ಹಾಳೆ ಈಗ ಫುಲ್ ಅಲ್ಲ. ನೀಲಿ ಹಾಳೆಗಳು ಕೆಂಪಿನ ಶಾಖವನ್ನು ಹೀರಿಕೊಳ್ಳುವುದರಿಂದ ಬೇಗ ಸೋಲುತ್ತವೆ. ಬಾರ್ನ್‌ಡೋರ್‌ನ (ದೀಪದ ಮುಂದಿನ ಮಡಚುವ ಲೋಹದ ರೆಕ್ಕೆಗಳು) ಹೊರ ಅಂಚಿಗೆ ಮರದ ಕ್ಲಿಪ್‌ನಿಂದ ಕಟ್ಟಿ, ಗಾಳಿಯಾಡಲು ಜಾಗ ಬಿಟ್ಟರೆ ಹೆಚ್ಚು ಬಾಳುತ್ತವೆ. ಎಲ್‌ಇಡಿಗಳಲ್ಲಿ ಈ ಚಿಂತೆ ಬಹುತೇಕ ಇಲ್ಲ. ಕತ್ತರಿಸಿದ ಪ್ರತಿ ಚೂರಿನ ಮೂಲೆಯಲ್ಲೂ ಅದರ ಸಂಖ್ಯೆಯನ್ನು ಮಾರ್ಕರ್‌ನಿಂದ ಬರೆದಿಡಬೇಕು. ಹಾಫ್ ಮತ್ತು ಕ್ವಾರ್ಟರ್‌ಗಳನ್ನು ಮಂದ ಬೆಳಕಿನಲ್ಲಿ ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ.

ಇದರ ಜೊತೆಗೆ, ಪ್ರತಿ ದೃಶ್ಯಕ್ಕೂ ಯಾವ ದೀಪಕ್ಕೆ ಯಾವ ಸಂಖ್ಯೆಯ ಜೆಲ್, ಕ್ಯಾಮೆರಾದ ಕೆಲ್ವಿನ್ ಎಷ್ಟು, ಟಿಂಟ್ ಎಷ್ಟು, ಕಿಟಕಿಯ ಮೇಲೆ ಏನಿತ್ತು, ಆಗ ಬಿಸಿಲಿತ್ತೇ ಮೋಡವಿತ್ತೇ ಎಂಬುದನ್ನು ಸಹಾಯಕರೊಬ್ಬರು ಪುಸ್ತಕದಲ್ಲಿ ಬರೆದಿಡುವಂತೆ ಮಾಡಬೇಕು. ಎರಡು ತಿಂಗಳ ನಂತರ ಅದೇ ಕೋಣೆಯಲ್ಲಿ ನಟಿಯ ಒಂದೇ ಒಂದು ಸಮೀಪದ ಶಾಟ್ ಬೇಕೆಂದು ಸಂಕಲನಕಾರರು ಕೇಳಿದಾಗ, ಹೊರಗೆ ಮೋಡ ಕವಿದು 6500 ಆಗಿದ್ದರೆ, ಕಿಟಕಿಯ ಬೆಳಕನ್ನು ಆ ದಿನದ 5600ಕ್ಕೆ ಮರಳಿಸಲು ಸುಮಾರು 25 ಮೈರೆಡ್ ಸರಿಸುವ, ಎಂಟನೇ ಒಂದು ಭಾಗ ಎಂದು ಕರೆಯುವ ಸಿಟಿಒ ಸಾಕು ಎಂಬುದು ಆ ಪುಟವನ್ನು ತೆರೆದ ಕೂಡಲೇ ತಿಳಿಯುತ್ತದೆ.